ದೂರವೂ ಕಾಲವೂ: ಬೆಂಗಳೂರು–ಸಾನ್ ಫ್ರಾನ್ಸಿಸ್ಕೋ ವಿಮಾನಮಾರ್ಗ

ಎರಡು ಊರುಗಳ ನಡುವಣ ದೂರವನ್ನು ತಿಳಿದರೆ ಪ್ರಯಾಣದ ಕಾಲವೂ ತಿಳಿದಂತೆಯೇ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಭೂಗೋಳದ ಎರಡು ಮಗ್ಗುಲುಗಳಲ್ಲಿರುವ ವಿಮಾನ ನಿಲ್ದಾಣಗಳ ವಿಷಯದಲ್ಲಿ ಈ ಎಣಿಕೆ ಸಲ್ಲದು. ಇದರ ಕಾರಣವನ್ನು ಬೆಂಗಳೂರು ಮತ್ತು ಸಾನ್ ಫ್ರಾನ್ಸಿಸ್ಕೋ ನಗರಗಳ ಉದಾಹರಣೆಯಿಂದ ವಿವೇಚಿಸಬಹುದು. ಎಷ್ಟೋ ಕನ್ನಡ ಮನೆತನಗಳು ಈ ಎರಡು ಕಡೆಗಳಲ್ಲಿಯೂ ಹಂಚಿಹೋಗಿರುವುದರಿಂದ ಈ ಲೆಕ್ಕವು ಬರಿಯ ಕುತೂಹಲದ್ದಲ್ಲ.

ಮೊದಲು ದೂರವನ್ನು ನೋಡೋಣ. ಬೆಂಗಳೂರಿನ ನಿಲ್ದಾಣವು ಉತ್ತರ ಅಕ್ಷಾಂಶ 13.2, ಪೂರ್ವ ರೇಖಾಂಶ 77.7ರಲ್ಲಿದೆ; ಸಾನ್ ಫ್ರಾನ್ಸಿಸ್ಕೋದ್ದು ಉತ್ತರ ಅಕ್ಷಾಂಶ 37.6, ಪಶ್ಚಿಮ ರೇಖಾಂಶ 122.4ರಲ್ಲಿದೆ. ಚಪ್ಪಟೆಯಾದ ಭೂಪಟದಲ್ಲಿ ಇವೆರಡರ ನಡುವೆ ಪೂರ್ವಾಭಿಮುಖವಾಗಿ ಸರಳರೇಖೆಯನ್ನೆಳೆದರೆ ಅದು ಪೆಸಿಫಿಕ್ ಸಾಗರವನ್ನು ದಾಟುತ್ತದೆ. ಆ ದಾರಿಯ ಉದ್ದ ಸುಮಾರು 16,100 ಕಿಲೋಮೀಟರು. ಆದರೆ ಗೋಳದ ಮೇಲೆ ಒಂದು ದಾರವನ್ನು ಬಿಗಿಯಾಗಿ ಹಿಡಿದರೆ ಅದು ಟಿಬೆಟ್, ಮಂಗೋಲಿಯಾ, ಪೂರ್ವ ಸೈಬೀರಿಯಾಗಳ ಮೇಲೆ ಹಾದು, 71ನೆಯ ಅಕ್ಷಾಂಶದವರೆಗೆ ಏರಿ, ಅಲಾಸ್ಕಾದ ಮೇಲಿಂದ ಕೆಳಕ್ಕಿಳಿಯುತ್ತದೆ. ಭೂಕೇಂದ್ರವನ್ನೇ ತನ್ನ ಕೇಂದ್ರವಾಗಿ ಉಳ್ಳ ಇಂತಹ ವೃತ್ತಕ್ಕೆ ಮಹಾವೃತ್ತವೆಂದು ಹೆಸರು. ಈ ಮಾರ್ಗದ ಉದ್ದ ಸುಮಾರು 13,990 ಕಿಲೋಮೀಟರು; ಇದಕ್ಕಿಂತ ಹ್ರಸ್ವವಾದ ದಾರಿಯಿಲ್ಲ.

ಇನ್ನು ಕಾಲ. ವಿಮಾನವು ಗಂಟೆಗೆ 900 ಕಿಲೋಮೀಟರು ಸಾಗುವುದೆಂದಿಟ್ಟುಕೊಂಡರೆ, ಗಾಳಿಯಿಲ್ಲದ ಆಕಾಶದಲ್ಲಿ ಈ ದೂರಕ್ಕೆ 15 ಗಂಟೆ 33 ನಿಮಿಷ ಬೇಕು. ಆದರೆ ಮಧ್ಯ ಅಕ್ಷಾಂಶಗಳ ಮೇಲ್ಗಡೆಯಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಪ್ರಬಲವಾದ ವಾಯುಪ್ರವಾಹವುಂಟು. ದಾರಿಯುದ್ದಕ್ಕೂ ಸರಾಸರಿ 60 ಕಿಲೋಮೀಟರು ವೇಗದ ಗಾಳಿ ಹಿಂದಿನಿಂದ ಬೀಸಿದರೆ 14 ಗಂಟೆ 34 ನಿಮಿಷ ಸಾಕು. ಅಷ್ಟೇ ಗಾಳಿ ಎದುರಾದರೆ 16 ಗಂಟೆ 39 ನಿಮಿಷ ಬೇಕು. ದೂರ ಒಂದೇ, ಕಾಲದಲ್ಲಿ ಎರಡು ಗಂಟೆಗೂ ಮಿಕ್ಕ ಅಂತರ. ಆದುದರಿಂದಲೇ ಬೆಂಗಳೂರಿನತ್ತ ಬರುವ ಪಯಣವು ಸಾಮಾನ್ಯವಾಗಿ ಹೋಗುವ ಪಯಣಕ್ಕಿಂತ ದೀರ್ಘವಾಗುವುದು.

ಇದರಿಂದ ಒಂದು ವಿಚಿತ್ರ ಫಲಿತಾಂಶವು ಹುಟ್ಟುತ್ತದೆ. ಉತ್ತರ ಧ್ರುವದ ಮೇಲೆಯೇ ಹಾದುಬರುವ ಮಾರ್ಗವು ಮಹಾವೃತ್ತಕ್ಕಿಂತ ಸುಮಾರು 375 ಕಿಲೋಮೀಟರು, ಅಂದರೆ 25 ನಿಮಿಷಗಳಷ್ಟು, ಸುತ್ತು. ಎದುರುಗಾಳಿಯಿಂದ ಅದಕ್ಕಿಂತ ಹೆಚ್ಚು ಕಾಲವನ್ನು ಉಳಿಸಬಹುದಾದ ದಿನ, ಸುತ್ತುದಾರಿಯೇ ಹತ್ತಿರದ ದಾರಿ. ಇಂಧನವೂ ಅದರಲ್ಲಿಯೇ ಮಿತವಾಗಿ ವ್ಯಯವಾಗುವುದು. 2021ರ ಜನವರಿಯಲ್ಲಿ ಏರ್ ಇಂಡಿಯಾ ಸಂಸ್ಥೆಯ ವಿಮಾನವೊಂದು ಕ್ಯಾಪ್ಟನ್ ಜೋಯಾ ಅಗರ್‌ವಾಲರ ನಾಯಕತ್ವದಲ್ಲಿ, ಮಹಿಳಾ ಚಾಲಕರಿಂದಲೇ ನಡೆಸಲ್ಪಟ್ಟು, ಧ್ರುವಮಾರ್ಗದಿಂದ ಸುಮಾರು 17 ಗಂಟೆಗಳಲ್ಲಿ ಬೆಂಗಳೂರನ್ನು ಸೇರಿತು.

ಆ ವಿಮಾನವು ಹೊರಟುದು 9ನೆಯ ತಾರೀಖಿನ ರಾತ್ರಿ; ಇಳಿದುದು 11ನೆಯ ತಾರೀಖಿನ ಬೆಳಗಿನ ಜಾವ. ಚಳಿಗಾಲದಲ್ಲಿ ನಮ್ಮ ಗಡಿಯಾರವು ಅಲ್ಲಿಯದಕ್ಕಿಂತ 13½ ಗಂಟೆ ಮುಂದಿರುವುದೇ ಇದಕ್ಕೆ ಕಾರಣ. ಬೇಸಗೆಯಲ್ಲಿ ಅವರು ಗಡಿಯಾರವನ್ನು ಮುಂದಕ್ಕೆ ತಿರುಗಿಸುವುದರಿಂದ ಅಂತರವು 12½ ಗಂಟೆಗೆ ಇಳಿಯುವುದು. ಆದಕಾರಣ ಬರುವವರ ದಾರಿಯನ್ನು ಕಾಯುವವರು ಕಿಲೋಮೀಟರುಗಳನ್ನೆಣಿಸಿ ಫಲವಿಲ್ಲ. ದೂರವನ್ನು ಭೂಮಿಯ ಆಕಾರವು ಗೊತ್ತುಮಾಡಿದೆ. ಕಾಲವನ್ನು ಆಯಾ ದಿನದ ಗಾಳಿಯೇ ಗೊತ್ತುಮಾಡಬೇಕು.