ಹೈಸ್ಕೂಲಿನಿಂದ ವೈದ್ಯಕೀಯ ಕಾಲೇಜಿನವರೆಗೆ

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶವು ಪ್ರಕಟವಾದೊಡನೆ ಹೊಸಪೇಟೆಯ ಮನೆಮನೆಗಳಲ್ಲಿಯೂ ಕೇಳಿಬರುವ ಮಾತು ಪ್ರತಿ ವರ್ಷವೂ ಒಂದೇ: “ನಮ್ಮ ಹುಡುಗನನ್ನು ಡಾಕ್ಟರನ್ನಾಗಿ ಮಾಡಬೇಕು, ನಮ್ಮ ಹುಡುಗಿಯನ್ನು ಡಾಕ್ಟರಳನ್ನಾಗಿ ಮಾಡಬೇಕು.” ಆಸೆಯು ಸ್ತುತ್ಯವಾದುದೇ ಸರಿ. ಆದರೆ ತಂದೆತಾಯಿಗಳಲ್ಲಿ ಬಹುಮಂದಿ ದಾರಿಯನ್ನು ವಿಚಾರಿಸತೊಡಗುವುದು ಹತ್ತನೆಯ ತರಗತಿಯು ಮುಗಿದ ಮೇಲೆ. ಅಷ್ಟು ಹೊತ್ತಿಗೆ ಅದರಲ್ಲಿ ಅರ್ಧದಷ್ಟು ಅವರಿಗೆ ತಿಳಿಯದೆಯೇ ನಿರ್ಣಯವಾಗಿಹೋಗಿರುತ್ತದೆ. ಆದುದರಿಂದ ಈ ವಿಷಯವಾಗಿ ನಾಲ್ಕು ಮಾತು ಬರೆಯುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ನಮ್ಮ ಸೀಮೆಗೆ ವೈದ್ಯವಿದ್ಯೆಯು ಒಂದಾನೊಂದು ಕಾಲದಲ್ಲಿ ಬಹು ದೂರದ್ದಾಗಿದ್ದಿತು. 1953ನೆಯ ಅಕ್ಟೋಬರ್ 1ರವರೆಗೆ ಬಳ್ಳಾರಿ, ಹೊಸಪೇಟೆ, ಕಂಪ್ಲಿಗಳು ಮದರಾಸಿನ ಆಡಳಿತಕ್ಕೆ ಸೇರಿದ್ದುವು. ಸಂಡೂರು 1949ರವರೆಗೂ ಬೇರೊಂದು ಸಂಸ್ಥಾನ. ಡಾಕ್ಟರಾಗಬೇಕೆಂಬ ಹುಡುಗನು ಮದರಾಸಿಗೋ ವಿಶಾಖಪಟ್ಟಣಕ್ಕೋ ಹೋಗಿ, ಪರಭಾಷೆಯ ಊರಿನಲ್ಲಿ ವರ್ಷಗಳನ್ನು ಕಳೆಯಬೇಕಾಗಿದ್ದಿತು. 1961ರಲ್ಲಿ ಬಳ್ಳಾರಿಯಲ್ಲಿ ಮೆಡಿಕಲ್ ಕಾಲೇಜು ಹುಟ್ಟಿತು. 2015ರಲ್ಲಿ ಕೊಪ್ಪಳದಲ್ಲಿಯೂ ಒಂದಾಯಿತು. ಇಂದು ಹೊಸಪೇಟೆಯ ವಿದ್ಯಾರ್ಥಿಗೆ ಒಂದು ಕಾಲೇಜು ಪೂರ್ವಕ್ಕೆ ಸುಮಾರು ಅರವತ್ತು ಕಿಲೋಮೀಟರಿನಲ್ಲಿ, ಇನ್ನೊಂದು ಪಶ್ಚಿಮಕ್ಕೆ ಅದರ ಅರ್ಧದಷ್ಟು ದೂರದಲ್ಲಿ ಉಂಟು. ಕಟ್ಟಡವು ಹತ್ತಿರಕ್ಕೆ ಬಂದಿತು, ಬಾಗಿಲು ಮಾತ್ರ ಕಿರಿದಾಯಿತು. ಪ್ರವೇಶವೆಲ್ಲವೂ ‘ನೀಟ್’ ಎಂಬ ಅಖಿಲ ಭಾರತ ಪರೀಕ್ಷೆಯ ಮೂಲಕ. 2024ರಲ್ಲಿ ಆ ಪರೀಕ್ಷೆಗೆ ಕುಳಿತವರು 23 ಲಕ್ಷಕ್ಕೂ ಹೆಚ್ಚು, ಎಂ.ಬಿ.ಬಿ.ಎಸ್. ಸ್ಥಾನಗಳಾದರೋ ದೇಶಕ್ಕೆಲ್ಲ ಲಕ್ಷಕ್ಕೆ ಸ್ವಲ್ಪ ಮೇಲೆ.

ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ತೆಗೆದುಕೊಳ್ಳದವನಿಗೆ ಈ ಬಾಗಿಲು ಇಲ್ಲ. ಈ ಮೂರರಲ್ಲಿ ಸಾಮಾನ್ಯ ವರ್ಗದವರು ಶೇಕಡಾ 50, ಮೀಸಲು ವರ್ಗದವರು ಶೇಕಡಾ 40 ಅಂಕ ಪಡೆದಿರಬೇಕು. ಅದರಿಂದಾಚೆಗೆ ಪಿ.ಯು.ಸಿ. ಅಂಕಗಳಿಗೆ ಬೆಲೆಯಿಲ್ಲ, ಎಣಿಕೆಗೆ ಬರುವುದು ನೀಟ್ ಪರೀಕ್ಷೆಯ ಸ್ಥಾನವೊಂದೇ. ಅದರ 720 ಅಂಕಗಳಲ್ಲಿ ಅರ್ಧವು ಜೀವಶಾಸ್ತ್ರದ್ದು. ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುವುದರಿಂದ ಊಹೆಯ ಮೇಲೆ ಗುರುತು ಹಾಕುವವನು ಇದ್ದುದನ್ನೂ ಕಳೆದುಕೊಳ್ಳುತ್ತಾನೆ.

ಇನ್ನು ಜನರು ಅರಿಯದಿರುವ ಸಂಗತಿಗೆ ಬರೋಣ. ನಮ್ಮ ರಾಜ್ಯದ ಸರ್ಕಾರಿ ಸ್ಥಾನಗಳಲ್ಲಿ ಗ್ರಾಮಾಂತರ ವಿದ್ಯಾರ್ಥಿಗಳಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಮೀಸಲಾಗಿವೆ. ಎರಡಕ್ಕೂ ನಿಯಮ ಒಂದೇ: ಒಂದರಿಂದ ಹತ್ತನೆಯ ತರಗತಿಯವರೆಗೆ ಹತ್ತು ವರ್ಷಗಳೂ ಹಾಗೆಯೇ ಓದಿರಬೇಕು. ಒಂದು ವರ್ಷ ಕಡಿಮೆಯಾದರೂ ಹಕ್ಕಿಲ್ಲ. ಕಂಪ್ಲಿಯ ಸುತ್ತಿನ ಭತ್ತದ ಗದ್ದೆಯ ರೈತನು ಮಗನು ಚುರುಕಾಗಿದ್ದಾನೆಂದು ಎಂಟನೆಯ ತರಗತಿಗೆ ಹೊಸಪೇಟೆಯ ಇಂಗ್ಲಿಷ್ ಶಾಲೆಗೆ ಸೇರಿಸುತ್ತಾನೆ. ಆ ಒಂದು ದಿನದಲ್ಲಿ ಏಳು ವರ್ಷ ಕೂಡಿಟ್ಟ ಎರಡು ಹಕ್ಕುಗಳೂ ಹೋಗುತ್ತವೆ. ಸೇರಿಸಬಾರದೆಂದು ನಾವು ಹೇಳುವುದಿಲ್ಲ. ಒಳ್ಳೆಯ ಶಾಲೆಗೆ ತನ್ನದೇ ಆದ ಬೆಲೆಯುಂಟು. ಆದರೆ ಏನನ್ನು ಕೊಟ್ಟು ಏನನ್ನು ಕೊಳ್ಳುತ್ತಿದ್ದೇನೆಂದು ತಿಳಿದು ಸೇರಿಸಲಿ. ಗ್ರಾಮಾಂತರವೆಂದರೇನೆಂಬುದೂ ಊಹೆಯ ಮಾತಲ್ಲ. ಪುರಸಭೆ, ಪಟ್ಟಣ ಪಂಚಾಯಿತಿಗಳ ಎಲ್ಲೆಯೊಳಗಿನ ಶಾಲೆ ಗ್ರಾಮಾಂತರವಾಗದು. ಹಂಪಿಯ ಹಳ್ಳಿಶಾಲೆಯ ಬಾಲಕನು ಗ್ರಾಮಾಂತರದವನು. ಕೂಗಳತೆಯಾಚೆಯ ಕಮಲಾಪುರದಲ್ಲಿ ಓದಿದವನು ಅಲ್ಲ. ಕಂಪ್ಲಿ, ಸಂಡೂರು ಪಟ್ಟಣಗಳ ಮಕ್ಕಳಿಗೂ ಅದೇ ಗತಿ. ಹಳ್ಳಿಯಲ್ಲಿಯೇ ಓದಿದವನಿಗೆ ಮೀಸಲಾತಿ ಕೊಡುವ ಸರ್ಕಾರವು ಹಳ್ಳಿಯ ಶಾಲೆಗೆ ವಿಜ್ಞಾನದ ಉಪಾಧ್ಯಾಯನನ್ನು ಕೊಡುವಾಗ ಏಕೆ ಇಷ್ಟು ಸಂಕೋಚಪಡುವುದೋ ನಾವರಿಯೆವು.

ಇದಕ್ಕಿಂತ ದೊಡ್ಡದು ಸಂವಿಧಾನದ 371-ಜೆ ಅನುಚ್ಛೇದವು ಕೊಟ್ಟ ಹಕ್ಕು. 2012ರ ತಿದ್ದುಪಡಿಯಿಂದ ಹುಟ್ಟಿ 2013ರಿಂದ ಜಾರಿಗೆ ಬಂದ ಈ ವ್ಯವಸ್ಥೆಯಂತೆ ಕಲ್ಯಾಣ ಕರ್ನಾಟಕದೊಳಗಿನ ಕಾಲೇಜುಗಳಲ್ಲಿ ರಾಜ್ಯದ ಪಾಲಿನ ಶೇಕಡಾ 70 ಸ್ಥಾನಗಳು ಇಲ್ಲಿಯವರಿಗೆ. ರಾಜ್ಯದ ಉಳಿದೆಡೆ ಶೇಕಡಾ 8. ಬಳ್ಳಾರಿ, ಕೊಪ್ಪಳ, ರಾಯಚೂರುಗಳು ಮೊದಲಿನದಕ್ಕೆ ಸೇರಿದುವು. ನೆರೆಯ ಗದಗು ಎರಡನೆಯದಕ್ಕೆ. ಜನ್ಮದಿಂದಲೋ ವಾಸದಿಂದಲೋ ಈ ಪ್ರದೇಶಕ್ಕೆ ಸೇರಿದವನೆಂಬ ಅರ್ಹತಾಪತ್ರವನ್ನು ಉಪವಿಭಾಗದ ಅಸಿಸ್ಟೆಂಟ್ ಕಮಿಷನರರು ಕೊಡತಕ್ಕದ್ದು. 2021ರಲ್ಲಿ ವಿಜಯನಗರ ಜಿಲ್ಲೆಯು ಬೇರೆಯಾದಾಗ ಸಂಡೂರು, ಕಂಪ್ಲಿ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದುವು. ಆ ಕಡೆಯವರು ಹಳೆಯ ಅಭ್ಯಾಸದಂತೆ ಹೊಸಪೇಟೆಗೆ ಬಾರದೆ ತಮ್ಮ ಕಚೇರಿ ಯಾವುದೆಂದು ಮೊದಲೇ ವಿಚಾರಿಸತಕ್ಕದ್ದು. ಹುಟ್ಟಿದ ಊರು ವರ್ಷವರ್ಷಕ್ಕೆ ಬದಲಾಗುವ ಸಂಗತಿಯಲ್ಲವಷ್ಟೆ! ಹಾಗಿರಲು ಈ ಪತ್ರಕ್ಕಾಗಿ ಕೌನ್ಸೆಲಿಂಗ್ ಸಮೀಪಿಸಿದಾಗಲೇ ಏಕೆ ಓಡಾಡಬೇಕು? ಒಂಬತ್ತನೆಯ ತರಗತಿಯಲ್ಲಿಯೇ ಅರ್ಜಿಗಳನ್ನು ಶಾಲೆಯ ಮೂಲಕ ಒಟ್ಟಾಗಿ ತರಿಸಿಕೊಂಡು ಪತ್ರ ಕೊಡುವುದು ಅಧಿಕಾರಿಗಳಿಗೂ ಸುಲಭ, ಬಡವನಿಗೂ ದಿನಗೂಲಿ ಉಳಿಯುತ್ತದೆ. ವ್ಯಾಸಂಗಪತ್ರಕ್ಕೆ ಬೇಕಾದ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜುವನ್ನೂ ಆಗಲೇ ಮಾಡಿಸಬಹುದು.

ಕಾಗದಪತ್ರಗಳೆಲ್ಲವೂ ಸರಿಯಾಗಿದ್ದರೂ ಭಾಷೆಯ ಗೋಡೆಯೊಂದು ಉಳಿಯುತ್ತದೆ. ಕನ್ನಡದಲ್ಲಿ ‘ಜಡತ್ವ’, ‘ದ್ಯುತಿಸಂಶ್ಲೇಷಣೆ’ ಎಂದು ಚೆನ್ನಾಗಿ ಕಲಿತ ಹುಡುಗಿಯು ಪಿ.ಯು. ತರಗತಿಯಲ್ಲಿ ‘ಇನರ್ಷಿಯಾ’, ‘ಫೋಟೋಸಿಂಥೆಸಿಸ್’ ಎಂಬುವನ್ನು ಕೇಳಿ, ತಾನು ಏನನ್ನೂ ಅರಿಯೆನೆಂದು ಕುಗ್ಗಿಹೋಗುತ್ತಾಳೆ. ಅರಿತದ್ದೇ ಬೇರೆ ಹೆಸರಿನಲ್ಲಿ ಬಂದಿದೆಯೆಂದು ಹೇಳುವವರಿಲ್ಲ. ನಮ್ಮ ಸಲಹೆ ಇಷ್ಟು: ಎಸ್.ಎಸ್.ಎಲ್.ಸಿ. ಪರೀಕ್ಷೆಗೂ ಪಿ.ಯು. ತರಗತಿಗೂ ನಡುವಿನ ಬೇಸಗೆಯಲ್ಲಿ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕವನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಪಕ್ಕಪಕ್ಕದಲ್ಲಿಟ್ಟುಕೊಂಡು ಓದಿಸಿರಿ. ಎರಡು ತಿಂಗಳು ಸಾಕು, ಖರ್ಚು ಅತ್ಯಲ್ಪ. ನೀಟ್ ಪ್ರಶ್ನೆಪತ್ರಿಕೆಯು 2017ರಿಂದ ಕನ್ನಡದಲ್ಲಿಯೂ ಬರುತ್ತಿದೆಯೆಂಬುದು ನಿಜ. ಆದರೆ ಕನ್ನಡವು ಬೇಕೆಂದು ಅರ್ಜಿಯಲ್ಲಿಯೇ ಬರೆಯಬೇಕು, ಅನುವಾದದಲ್ಲಿ ಸಂದೇಹ ಬಂದರೆ ಇಂಗ್ಲಿಷಿನ ಪಾಠವೇ ಅಂತಿಮ. ಮಧ್ಯಪ್ರದೇಶದವರು 2022ರಲ್ಲಿ ಹಿಂದಿಯ ವೈದ್ಯಕೀಯ ಪಠ್ಯಪುಸ್ತಕಗಳನ್ನು ಹೊರತಂದರು. ಹಂಪಿಯಲ್ಲಿ 1991ರಲ್ಲಿ ಕನ್ನಡಕ್ಕೆಂದೇ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ ನಾಡಿನಲ್ಲಿ ಅಂಗರಚನಾಶಾಸ್ತ್ರವನ್ನು ಕನ್ನಡದಲ್ಲಿ ಪಾಠ ಹೇಳುವ ದಿನವು ಇನ್ನೆಂದು ಬರುವುದು?

ವೈದ್ಯನ ಕೋಟೊಂದೇ ಕೀರ್ತಿಯ ಉಡುಪೆಂದು ಮಕ್ಕಳ ತಲೆಯಲ್ಲಿ ತುಂಬಬಾರದು. ಪಂಡಿತ ತಾರಾನಾಥರ ಹೆಸರನ್ನು ಹೊತ್ತ ಸರ್ಕಾರಿ ಆಯುರ್ವೇದ ಕಾಲೇಜು ಬಳ್ಳಾರಿಯಲ್ಲಿದೆ. ಅಲ್ಲಿಗೂ ನೀಟ್ ಪರೀಕ್ಷೆಯೇ ದಾರಿ. ಪಶುವೈದ್ಯ, ಕೃಷಿ, ಔಷಧಶಾಸ್ತ್ರಗಳಿಗೆ ರಾಜ್ಯದ ಸಿ.ಇ.ಟಿ. ಉಂಟು. ಎರಡು ಪರೀಕ್ಷೆಗಳಿಗೂ ಅರ್ಜಿ ಹಾಕಿಸುವುದು ವಿವೇಕ.

ಹಣದ ಮಾತು ಉಳಿಯಿತು. ಸರ್ಕಾರಿ ಸ್ಥಾನದ ಶುಲ್ಕವು ವರ್ಷಕ್ಕೆ ಸಾವಿರಗಳ ಲೆಕ್ಕ, ಖಾಸಗಿ ಮ್ಯಾನೇಜ್‌ಮೆಂಟ್ ಸ್ಥಾನದ್ದು ಲಕ್ಷಗಳ ಲೆಕ್ಕ. ಓದು ಮುಗಿಯಲು ಹೌಸ್ ಸರ್ಜನ್ ವರ್ಷವೂ ಸೇರಿ ಐದೂವರೆ ವರ್ಷ. ಉಳ್ಳವರು ಮಕ್ಕಳನ್ನು ಮೂಡುಬಿದಿರೆಗೋ ಬೆಂಗಳೂರಿಗೋ ಕಳುಹಿಸಿ ಓದಿಸುತ್ತಾರೆ. ಇಲ್ಲದವರಿಗೆ? ಸಂಡೂರಿನ ಗುಡ್ಡಗಳಿಂದ ಅದಿರು ಹೊರಟುಹೋಗುತ್ತಲೇ ಇದೆ. 2015ರ ಗಣಿ ಕಾನೂನಿನ ತಿದ್ದುಪಡಿಯಂತೆ ಏರ್ಪಟ್ಟ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಆ ಅದಿರಿನಿಂದ ಪಾಲು ಬರುತ್ತದೆ. ಆ ಹಣದ ವಿನಿಯೋಗದಲ್ಲಿ ವಿದ್ಯೆ, ಆರೋಗ್ಯಗಳಿಗೆ ಆದ್ಯತೆಯೆಂದು ನಿಯಮವೇ ಹೇಳುತ್ತದೆ. ಕಟ್ಟಡಗಳಿಗೂ ಕಮಾನುಗಳಿಗೂ ಹಣ ಸುರಿದದ್ದು ಸಾಕು. ಸಂಡೂರಿನಲ್ಲಿ ಕನ್ನಡ ಮಾಧ್ಯಮದಿಂದ ಬಂದ ವಿಜ್ಞಾನ ವಿದ್ಯಾರ್ಥಿಗಳಿಗೆಂದು ಊಟ, ವಸತಿ, ಸಂಜೆಯ ಪಾಠಗಳ ಏರ್ಪಾಡಿರುವ ಒಂದು ನಿಲಯವನ್ನು ತೆರೆದು, ಕಂಪ್ಲಿಯ ಮಕ್ಕಳಿಗೂ ಅಲ್ಲಿ ಸ್ಥಳ ಕೊಡಲಿ. ಬರುವ ಜೂನ್ ತಿಂಗಳೊಳಗಾಗಿ ಇದನ್ನು ಆರಂಭಿಸಬೇಕೆಂದು ಪ್ರತಿಷ್ಠಾನದ ಆಡಳಿತ ವರ್ಗದವರನ್ನು ನಾವು ಕೇಳಿಕೊಳ್ಳುತ್ತೇವೆ.