ದುಡ್ಡು ನಮ್ಮದು, ಗೇಮ್ ಯಾರದ್ದು?

ಕಳೆದ ಮಳೆಗಾಲದ ರಜೆಯಲ್ಲಿ ಹಾಸನದ ಹಾಸ್ಟೆಲ್‌ನಿಂದ ಬಣಕಲ್‌ಗೆ ಬಂದಿದ್ದೆ. ಬಂದ ಮೂರನೇ ದಿನ ಚಾರ್ಮಾಡಿ ಕಡೆಯಿಂದ ಎದ್ದ ಗಾಳಿಮಳೆಗೆ ಎಲ್ಲೋ ಮರ ಬಿದ್ದು ಲೈನ್ ಹೋಯಿತು. ಮಲೆನಾಡಿನವರಿಗೆ ಇದು ಸುದ್ದಿಯೇ ಅಲ್ಲ. ಮಾರನೇ ದಿನ ಟವರಿನ ಬ್ಯಾಟರಿಯೂ ಮುಗಿದು ಮೊಬೈಲಿನಲ್ಲಿ ಒಂದು ಕಡ್ಡಿಯೂ ಉಳಿಯಲಿಲ್ಲ. ಆದರೂ ನನಗೆ ಚಿಂತೆಯಿರಲಿಲ್ಲ. ಲ್ಯಾಪ್‌ಟಾಪ್ ಫುಲ್ ಚಾರ್ಜ್ ಇತ್ತು. ಹಿಂದಿನ ವಾರವಷ್ಟೇ ಸೇಲ್‌ನಲ್ಲಿ ಆರುನೂರು ಚಿಲ್ಲರೆ ರೂಪಾಯಿ ಕೊಟ್ಟು ಕೊಂಡಿದ್ದ ಗೇಮ್ ಹಾಸ್ಟೆಲ್ ವೈಫೈನಲ್ಲಿ ಪೂರ್ತಿ ಡೌನ್‌ಲೋಡ್ ಆಗಿತ್ತು. ಒಬ್ಬನೇ ಆಡುವ ಗೇಮ್. ಅದಕ್ಕೆ ಇಂಟರ್‌ನೆಟ್ ಯಾಕೆ ಬೇಕು?

ಬೇಕಂತೆ! ಕ್ಲಿಕ್ ಮಾಡಿದರೆ, ಮೊದಲು ಸೈನ್ ಇನ್ ಮಾಡಿ ಅಂದಿತು. ನೆಟ್‌ವರ್ಕ್ ಇಲ್ಲ ಅಂದರೆ ಕೇಳುವವರು ಯಾರು? ನಾಲ್ಕೈದು ಸಲ ಪ್ರಯತ್ನಿಸಿ ಸುಮ್ಮನೆ ಕೂತೆ. ಪಕ್ಕದಲ್ಲಿ ಕಂಬಳಿ ಹೊದ್ದು ಕೂತಿದ್ದ ತಂಗಿ, ‘ಆಚೆ ಸರಿ ಅಣ್ಣ’ ಅಂತ ಪೆನ್‌ಡ್ರೈವ್ ಹಾಕಿ ಹಳೇ ‘ರೋಡ್ ರ್ಯಾಶ್’ ತೆಗೆದಳು. 1996ರ ಗೇಮ್. ಯಾರ ಕೈಯಿಂದ ಯಾರ ಕೈಗೆ ಬಂದು ನಮ್ಮ ಮನೆ ಸೇರಿತ್ತೋ ಗೊತ್ತಿಲ್ಲ. ಒಂದೇ ಕ್ಲಿಕ್ಕಿಗೆ ಶುರುವಾಯಿತು. ಬೈಕ್ ಓಡಿಸುತ್ತಲೇ ಅವಳು ಹೇಳಿದಳು: ‘ಕದ್ದ ಗೇಮ್ ಓಡ್ತದೆ, ಕೊಂಡ ಗೇಮ್ ಓಡಲ್ಲ. ಇದೆಂತ ನ್ಯಾಯ ಮಾರಾಯ?’

ನಗು ಬಂತು, ಆದರೆ ಉತ್ತರ ಬರಲಿಲ್ಲ. ಅದು ನಾನು ಜೀವನದಲ್ಲಿ ದುಡ್ಡು ಕೊಟ್ಟು ಕೊಂಡ ಮೊದಲ ಗೇಮ್ ಆಗಿತ್ತು.

ಕೊಂಡದ್ದು ಏನನ್ನು?

ನಮ್ಮ ತಲೆಮಾರಿನ ಹೆಚ್ಚಿನವರು ಗೇಮ್ ಕಲಿತದ್ದು ಪೆನ್‌ಡ್ರೈವ್‌ನಲ್ಲೇ. ‘ವೈಸ್ ಸಿಟಿ’ಗೆ ದುಡ್ಡು ಕೊಡಬೇಕು ಅನ್ನುವುದೇ ನಮಗೆ ಗೊತ್ತಿರಲಿಲ್ಲ. ಆಮೇಲೆ ಕಾಲ ಬದಲಾಯಿತು. ವಾಲ್ವ್ ಕಂಪನಿಯ ‘ಸ್ಟೀಮ್’ 2003ರಲ್ಲೇ ಶುರುವಾಗಿದ್ದರೂ ನಮ್ಮ ರೂಪಾಯಿಯಲ್ಲಿ ಬೆಲೆ ತೋರಿಸತೊಡಗಿದ್ದು 2015ರಲ್ಲಿ. 2018ರ ಡಿಸೆಂಬರ್‌ನಲ್ಲಿ ಬಂದ ‘ಎಪಿಕ್ ಗೇಮ್ಸ್ ಸ್ಟೋರ್’ ಉಚಿತ ಗೇಮ್‌ಗಳನ್ನು ಕೊಡುತ್ತಾ ಬಂತು. 2020ರ ಮೇ ತಿಂಗಳಲ್ಲಿ ‘ಜಿಟಿಎ 5’ ಅನ್ನೇ ಕೊಟ್ಟಿತು. ಯುಪಿಐ ಬಂದ ಮೇಲೆ ಡೆಬಿಟ್ ಕಾರ್ಡ್ ಇಲ್ಲದ ಹುಡುಗರೂ ಕೊಳ್ಳಬಹುದಾಯಿತು. ಕದಿಯುವುದಕ್ಕಿಂತ ಕೊಳ್ಳುವುದೇ ಸುಲಭ ಅನ್ನಿಸಿದ ಮೇಲೆ ಎಷ್ಟೋ ಜನ ಕೊಳ್ಳಲು ಶುರುಮಾಡಿದೆವು. ಇದು ಒಳ್ಳೆಯದೇ. ಗೇಮ್ ಮಾಡಿದವರೂ ಊಟ ಮಾಡಬೇಕಲ್ಲ.

ಆದರೆ ಕೊಂಡದ್ದು ಏನನ್ನು? ಉತ್ತರ ಆ ಅಂಗಡಿಗಳ ಒಪ್ಪಂದದಲ್ಲೇ ಇದೆ. ನಾವು ಓದದೆ ‘ಐ ಅಗ್ರೀ’ ಒತ್ತುತ್ತೇವೆ, ಅಷ್ಟೆ. ನಾವು ಕೊಳ್ಳುವುದು ಗೇಮನ್ನಲ್ಲ, ಆಡುವ ಪರವಾನಗಿಯನ್ನು. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ, ಇದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ಹೇಳಲೇಬೇಕು ಅಂತ ಕಾನೂನು ತಂದಿತು. ಮರುತಿಂಗಳೇ ಸ್ಟೀಮ್‌ನಲ್ಲಿ ದುಡ್ಡು ಕಟ್ಟುವ ಜಾಗದಲ್ಲಿ, ನೀವು ಪಡೆಯುತ್ತಿರುವುದು ಪರವಾನಗಿ ಅನ್ನುವ ಒಂದು ಸಾಲು ಕಾಣಿಸಿಕೊಂಡಿತು.

ಪರವಾನಗಿಯಾದರೆ ಏನಾಯ್ತು, ಆಡಲು ಬಿಡ್ತಾರಲ್ಲ ಅನ್ನಬಹುದು. ‘ದಿ ಕ್ರೂ’ ಕೊಂಡವರೂ ಹಾಗೇ ಅಂದುಕೊಂಡಿದ್ದರು. ಯೂಬಿಸಾಫ್ಟ್ ಕಂಪನಿ 2014ರಲ್ಲಿ ಬಿಡುಗಡೆ ಮಾಡಿದ ಈ ಕಾರ್ ರೇಸ್ ಗೇಮ್ ಅನ್ನು ಒಬ್ಬರೇ ಆಡಿದರೂ ಕಂಪನಿಯ ಸರ್ವರ್‌ಗೆ ಸಂಪರ್ಕ ಬೇಕಿತ್ತು. 2024ರ ಮಾರ್ಚ್ 31ರಂದು ಸರ್ವರ್ ನಿಂತಿತು. ಅಲ್ಲಿಗೆ ಗೇಮೂ ನಿಂತಿತು. ಈ ಸಿಟ್ಟಿನಿಂದಲೇ ರಾಸ್ ಸ್ಕಾಟ್ ಎಂಬ ಯೂಟ್ಯೂಬರ್ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅನ್ನುವ ಚಳವಳಿ ಶುರುಮಾಡಿದರು. 2025ರಲ್ಲಿ ಯುರೋಪಿನ 10 ಲಕ್ಷಕ್ಕೂ ಹೆಚ್ಚು ಜನ ಅದಕ್ಕೆ ಸಹಿ ಹಾಕಿದರು.

ಅಪ್ಪನಿಗೆ ಅಜ್ಜನಿಂದ ತೋಟ ಬಂತು, ತೋಟದ ಜೊತೆ ಪಲ್ಪರ್ ಬಂತು. ನನ್ನ ಸ್ಟೀಮ್ ಲೈಬ್ರರಿಯನ್ನು ನಾನು ತಂಗಿಗೆ ಬರೆದುಕೊಡಲು ಬರುವುದಿಲ್ಲ. ಖಾತೆಯನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ ಅಂತ ಒಪ್ಪಂದದಲ್ಲೇ ಇದೆ. ಬೇಕಿದ್ದರೆ 2024ರಲ್ಲಿ ಬಂದ ‘ಸ್ಟೀಮ್ ಫ್ಯಾಮಿಲೀಸ್’ ಸೌಲಭ್ಯದಲ್ಲಿ ಮನೆಯ ಆರು ಜನ ಗೇಮ್ ಹಂಚಿಕೊಳ್ಳಬಹುದು. ಅಷ್ಟರಮಟ್ಟಿಗೆ ಪರವಾಗಿಲ್ಲ.

ಇದಕ್ಕೆ ಅಪವಾದವೂ ಇದೆ. ‘ವಿಚರ್’ ಗೇಮ್ ಮಾಡಿದ ಪೋಲೆಂಡಿನ ಸಿಡಿ ಪ್ರಾಜೆಕ್ಟ್ 2008ರಲ್ಲಿ ಶುರುಮಾಡಿದ ‘ಜಿಒಜಿ’ ಅಂಗಡಿಯಲ್ಲಿ ಗೇಮ್‌ಗಳಿಗೆ ಡಿಆರ್‌ಎಂ ಇರುವುದಿಲ್ಲ, ಅಂದರೆ ಡಿಜಿಟಲ್ ಬೀಗ ಹಾಕಿರುವುದಿಲ್ಲ. ಇನ್‌ಸ್ಟಾಲ್ ಮಾಡುವ ಫೈಲನ್ನೇ ಇಳಿಸಿ ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಬಹುದು. ಕಾನೂನಿನ ಲೆಕ್ಕದಲ್ಲಿ ಅದೂ ಪರವಾನಗಿಯೇ. ಆದರೆ ಮಳೆಗಾಲದ ಲೆಕ್ಕದಲ್ಲಿ ಅದು ನಮ್ಮದು.

ಇನ್ವರ್ಟರ್ ಹೇಳಿದ ಸತ್ಯ

ಗೇಮ್ ಕಥೆ ಹೀಗಾದರೆ ಮೆಷಿನ್ ಕಥೆ ಇನ್ನೊಂದು. ಈ ವರ್ಷ ಕಾಫಿ ಮಾರಿದ ಮೇಲೆ ಅಪ್ಪನ ಮುಂದೆ ಒಂದು ಅರ್ಜಿ ಇಟ್ಟೆ. ನನಗೆ ಹ್ಯಾಂಡ್‌ಹೆಲ್ಡ್ ಬೇಕು. ಕೈಯಲ್ಲಿ ಹಿಡಿದು ಪಿಸಿ ಗೇಮ್‌ಗಳನ್ನೇ ಆಡಬಹುದಾದ ಪುಟ್ಟ ಕಂಪ್ಯೂಟರ್.

2022ರ ಫೆಬ್ರುವರಿಯಲ್ಲಿ ವಾಲ್ವ್ ‘ಸ್ಟೀಮ್ ಡೆಕ್’ ತಂದ ಮೇಲೆ ಇವುಗಳ ಹುಚ್ಚು ಹಬ್ಬಿತು. ಅಮೆರಿಕದಲ್ಲಿ ಅದರ ಬೆಲೆ ಆಗ 399 ಡಾಲರ್‌ನಿಂದ ಶುರು. ಆದರೆ ವಾಲ್ವ್ ಅದನ್ನು ಭಾರತದಲ್ಲಿ ಅಧಿಕೃತವಾಗಿ ಮಾರುತ್ತಿಲ್ಲ. ಯಾರೋ ತರಿಸಿ ಮಾರುವುದನ್ನು ಕೊಂಡರೆ ಬೆಲೆ ಹೆಚ್ಚು, ಇಲ್ಲಿ ಕಂಪನಿಯ ವಾರಂಟಿ ಇಲ್ಲ. ಇಲ್ಲಿ ಅಧಿಕೃತವಾಗಿ ಸಿಗುವುದರಲ್ಲಿ ಏಸಸ್‌ನ ‘ಆರ್‌ಒಜಿ ಅಲೈ’ 2023ರ ಜುಲೈಯಲ್ಲಿ ಬಂದಾಗ 69,990 ರೂಪಾಯಿ.

ನಾನು ಓದುತ್ತಿರುವುದು ಎಲೆಕ್ಟ್ರಿಕಲ್. ಅಪ್ಪನನ್ನು ಒಪ್ಪಿಸಲು ಲೆಕ್ಕ ಹಾಕಿಕೊಂಡೇ ಹೋಗಿದ್ದೆ. ನಮ್ಮ ಮನೆಯ ಇನ್ವರ್ಟರ್ ಬ್ಯಾಟರಿ 12 ವೋಲ್ಟ್, 150 ಆಂಪಿಯರ್-ಅವರ್‌ನದು. ಗುಣಿಸಿದರೆ 1,800 ವ್ಯಾಟ್-ಅವರ್. ನಷ್ಟ ಕಳೆದು ಮೂರನೇ ಎರಡು ಪಾಲು ಸಿಕ್ಕಿತು ಅಂದುಕೊಂಡರೂ 1,200. ‘ಜಿಟಿಎಕ್ಸ್ 1650’ಯಂಥ ಸಣ್ಣ ಗ್ರಾಫಿಕ್ಸ್ ಕಾರ್ಡ್ ಇರುವ ಡೆಸ್ಕ್‌ಟಾಪ್‌ನಲ್ಲಿ ಕಾರ್ಡ್‌ಗೇ 75 ವ್ಯಾಟ್ ಬೇಕು. ಪ್ರೊಸೆಸರ್, ಮಾನಿಟರ್, ಫ್ಯಾನು, ಎಸ್‌ಎಂಪಿಎಸ್ ನಷ್ಟ ಎಲ್ಲ ಸೇರಿ ಆಡುವಾಗ ಸುಮಾರು 200 ವ್ಯಾಟ್. ಅಂದರೆ ಆರು ಗಂಟೆ, ಅದೂ ಮನೆಯ ದೀಪವೆಲ್ಲ ಆರಿಸಿ ಕೂತರೆ. ಇನ್ವರ್ಟರನ್ನು ಯುಪಿಎಸ್ ಮೋಡ್‌ಗೆ ಹಾಕದಿದ್ದರೆ ಕರೆಂಟ್ ಹೋದ ಕ್ಷಣ ಪಿಸಿ ರೀಸ್ಟಾರ್ಟ್ ಆಗುವುದು ಬೇರೆ. ಗೇಮಿಂಗ್ ಲ್ಯಾಪ್‌ಟಾಪ್ ಇದಕ್ಕಿಂತ ವಾಸಿ. ಆದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಆಡಿದರೆ ಅದರ ವೇಗ ಅರ್ಧಕ್ಕೆ ಇಳಿದಂತಾಗುತ್ತದೆ.

ಹ್ಯಾಂಡ್‌ಹೆಲ್ಡ್‌ನ ಕಥೆ ಬೇರೆ. ಅಲೈ ಬ್ಯಾಟರಿ 40 ವ್ಯಾಟ್-ಅವರ್. ಭಾರೀ ಗೇಮ್ ಆಡಿದರೆ ಎರಡು ಗಂಟೆಯೊಳಗೆ ಖಾಲಿ, ನಿಜ. ಆದರೆ ಒಮ್ಮೆ ತುಂಬಿಸಲು 50 ವ್ಯಾಟ್-ಅವರ್ ಸಾಕು. ಅದೇ ಇನ್ವರ್ಟರ್‌ನಿಂದ 24 ಸಲ ತುಂಬಿಸಬಹುದು! ‘ಗುಡುಗು ಶುರುವಾಯ್ತು, ವೈರ್ ಕಿತ್ತಿಡೋ’ ಅಂತ ಅಮ್ಮ ಕೂಗಿದರೂ ಆಟ ನಿಲ್ಲುವುದಿಲ್ಲ. ಮಲೆನಾಡಿಗೆಂದೇ ಮಾಡಿದಂತಿದೆ ಅಂದೆ.

ಅಪ್ಪ ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು: ‘ಕೆಟ್ಟರೆ ಯಾರು ರಿಪೇರಿ ಮಾಡ್ತಾರೆ?’

ಅಲ್ಲಿಗೆ ನನ್ನ ಲೆಕ್ಕ ನಿಂತಿತು. ಪಲ್ಪರ್‌ಗೆ, ಕಳೆ ಹೊಡೆಯುವ ಮೆಷಿನ್‌ಗೆ ಬಿಡಿಭಾಗ ಮೂಡಿಗೆರೆಯಲ್ಲೇ ಸಿಗುತ್ತದೆ. ಡೆಸ್ಕ್‌ಟಾಪ್‌ನ ಎಸ್‌ಎಂಪಿಎಸ್ ಸುಟ್ಟರೆ ಅರ್ಧ ದಿನದಲ್ಲಿ ಬದಲಾಯಿಸಬಹುದು. ಈ ವರ್ಷ ರ್ಯಾಮ್, ಮುಂದಿನ ವರ್ಷ ಕಾರ್ಡ್ ಅಂತ ಕಂತಿನಲ್ಲಿ ಬೆಳೆಸಬಹುದು. ಹ್ಯಾಂಡ್‌ಹೆಲ್ಡ್‌ನಲ್ಲಿ ಪ್ರೊಸೆಸರ್, ರ್ಯಾಮ್ ಎಲ್ಲ ಒಂದೇ ಬೋರ್ಡ್‌ಗೆ ಬೆಸುಗೆ ಹಾಕಿರುತ್ತಾರೆ. ಬದಲಿಸಲು ಸುಲಭವಿರುವುದು ಎಸ್‌ಎಸ್‌ಡಿ ಮಾತ್ರ. ಬೋರ್ಡ್ ಹೋದರೆ 70 ಸಾವಿರದ ಬಹುಪಾಲು ಹೋದಂತೆ. ‘ಕಣಕ್ಕೆ ಸಿಮೆಂಟ್ ಹಾಕಿಸೋದಿದೆ. ಯೋಚನೆ ಮಾಡು’ ಅಂದರು. ಬೇಡ ಅನ್ನಲಿಲ್ಲ. ಬೇಡ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

75 ದಿನದ ಡೌನ್‌ಲೋಡ್

ಯೋಚಿಸುತ್ತಾ ಹೋದಂತೆ ಇನ್ನೊಂದು ಲೆಕ್ಕವೂ ಸಿಕ್ಕಿತು. ಯಂತ್ರ ಎಷ್ಟೇ ದೊಡ್ಡದಿರಲಿ, ಅದರೊಳಗೆ ಗೇಮ್ ಬರಬೇಕಲ್ಲ. ‘ರೆಡ್ ಡೆಡ್ ರಿಡೆಂಪ್ಷನ್ 2’ಗೆ 150 ಜಿಬಿ ಜಾಗ ಬೇಕು. ದಿನಕ್ಕೆ 2 ಜಿಬಿ ಸಿಗುವ ಮೊಬೈಲ್ ಪ್ಯಾಕ್‌ನಲ್ಲಿ 150 ಜಿಬಿ ಇಳಿಸಲು 75 ದಿನ. ಅಷ್ಟರಲ್ಲಿ ಮಳೆಗಾಲವೇ ಮುಗಿದಿರುತ್ತದೆ.

ಅದೇ ‘ಸ್ಟಾರ್‌ಡ್ಯೂ ವ್ಯಾಲಿ’ಗೆ 500 ಎಂಬಿ ಸಾಕು. ಎರಿಕ್ ಬರೋನ್ ಎಂಬ ಒಬ್ಬನೇ ಮನುಷ್ಯ ಮಾಡಿ 2016ರಲ್ಲಿ ಬಿಡುಗಡೆ ಮಾಡಿದ ಕೃಷಿ ಗೇಮ್ ಅದು. ದುಬಾರಿ ಗ್ರಾಫಿಕ್ಸ್ ಕಾರ್ಡ್ ಏನೂ ಬೇಡ, ಕಾಲೇಜಿಗೆ ಕೊಂಡ ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲೇ ಓಡುತ್ತದೆ. ಅದರಲ್ಲಿ ಕಾಫಿಯನ್ನೂ ಬೆಳೆಯಬಹುದು. ಬೀಜ ಹಾಕಿ 10 ದಿನಕ್ಕೆ ಫಸಲು, ಆಮೇಲೆ ಎರಡು ದಿನಕ್ಕೊಮ್ಮೆ ಕೊಯ್ಲು. ತಂಗಿ ಇದನ್ನು ತೋರಿಸಿದಾಗ ಅಮ್ಮ ಕನ್ನಡಕ ಹಾಕಿಕೊಂಡು ನೋಡಿದರು. ‘ಹೂಮಳೆ ಬೇಡ್ವಾ? ಬೋರರ್ ಹುಳ ಇಲ್ವಾ? ಕೊಯ್ಯೋಕೆ ಆಳು ಸಿಗ್ತಾರಾ? ಹಂಗಾದ್ರೆ ಅಲ್ಲೇ ಒಂದು ಎಕರೆ ತಗೊಳ್ಳಿ’ ಅಂದರು.

ದೊಡ್ಡ ಗೇಮ್ ಬೇಕೇ ಬೇಕು ಅನ್ನುವವರಿಗೂ ದಾರಿಯಿದೆ. ಸ್ಟೀಮ್‌ನಲ್ಲಿ ಇಳಿಸಿದ ಗೇಮ್ ಅನ್ನು ಬ್ಯಾಕಪ್ ತೆಗೆದು ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ ಊರಿಗೆ ಒಯ್ಯಬಹುದು. 2023ರಿಂದ ಒಂದೇ ವೈಫೈನಲ್ಲಿರುವ ಎರಡು ಕಂಪ್ಯೂಟರ್‌ಗಳ ನಡುವೆ ಗೇಮ್ ಫೈಲ್‌ಗಳನ್ನು ನೇರವಾಗಿ ವರ್ಗಾಯಿಸುವ ಸೌಲಭ್ಯವೂ ಇದೆ. ರೂಮ್‌ಮೇಟ್ ಇಳಿಸಿದ 100 ಜಿಬಿಯನ್ನು ನೀವು ಇಂಟರ್‌ನೆಟ್‌ನಿಂದ ಮತ್ತೆ ಇಳಿಸಬೇಕಿಲ್ಲ. ಗೇಮ್ ಮಾತ್ರ ನಿಮ್ಮ ಖಾತೆಯಲ್ಲೂ ಇರಬೇಕು.

ಎರಡು ಗಂಟೆಯ ಪರೀಕ್ಷೆ

ಕೊನೆಗೆ ನಾನು ಹ್ಯಾಂಡ್‌ಹೆಲ್ಡ್ ಕೊಳ್ಳಲಿಲ್ಲ. ಇದ್ದ ಲ್ಯಾಪ್‌ಟಾಪ್‌ಗೆ 8 ಜಿಬಿ ರ್ಯಾಮ್ ಸೇರಿಸಿದೆ. ಒಂದು ಎಕ್ಸ್‌ಟರ್ನಲ್ ಎಸ್‌ಎಸ್‌ಡಿ, ಒಂದು ವೈರ್ ಇರುವ ಕಂಟ್ರೋಲರ್ ತಗೊಂಡೆ. ಉಳಿದ ದುಡ್ಡು ಕಣಕ್ಕೆ ಹೋಯಿತು. ಬೇಸರವಿಲ್ಲ ಅಂದರೆ ಸುಳ್ಳಾಗುತ್ತದೆ. ಯೂಟ್ಯೂಬ್‌ನಲ್ಲಿ ಹ್ಯಾಂಡ್‌ಹೆಲ್ಡ್ ವಿಡಿಯೊ ಬಂದರೆ ಈಗಲೂ ಪೂರ್ತಿ ನೋಡುತ್ತೇನೆ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು, ಹತ್ತಿರದಲ್ಲೇ ಸರ್ವಿಸ್ ಸೆಂಟರ್ ಇದ್ದು, ಸಂಬಳ ನನ್ನದೇ ಆಗಿದ್ದರೆ ಬಹುಶಃ ಕೊಳ್ಳುತ್ತಿದ್ದೆ. ಯಂತ್ರ ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಅರ್ಧ ಪ್ರಶ್ನೆ ಮಾತ್ರ. ಯಾವ ಊರಿನಲ್ಲಿ, ಯಾರ ದುಡ್ಡಿನಲ್ಲಿ ಅನ್ನುವುದು ಇನ್ನರ್ಧ.

ಆದರೆ ಗೇಮ್ ಕೊಳ್ಳುವುದನ್ನು ಬಿಟ್ಟಿಲ್ಲ. ಪೆನ್‌ಡ್ರೈವ್‌ಗೂ ವಾಪಸ್ ಹೋಗಿಲ್ಲ. ಸ್ಟಾರ್‌ಡ್ಯೂ ಮಾಡಿದಂಥವರಿಗೆ ದುಡ್ಡು ಕೊಡದೆ ಆಡಲು ಈಗ ಮನಸ್ಸು ಬರುವುದಿಲ್ಲ. ಬದಲಿಗೆ ಒಂದು ಪರೀಕ್ಷೆ ಕಂಡುಕೊಂಡಿದ್ದೇನೆ. ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಆ ಎರಡು ಗಂಟೆಯೊಳಗೆ ಮೊದಲು ಒಮ್ಮೆ ಗೇಮ್ ತೆರೆದು ಮುಚ್ಚಿ. ಆಮೇಲೆ ಸ್ಟೀಮ್ ಅನ್ನು ಆಫ್‌ಲೈನ್ ಮೋಡ್‌ಗೆ ಹಾಕಿ, ವೈಫೈ ಕಿತ್ತು, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ ಮತ್ತೆ ತೆರೆಯಿರಿ. ತೆರೆದರೆ ಇಟ್ಟುಕೊಳ್ಳಿ. ತೆರೆಯದಿದ್ದರೆ ವಾಪಸ್ ಕೊಡಿ. ಕೊಳ್ಳುವ ಮೊದಲೇ ಸ್ಟೋರ್ ಪುಟದ ಬದಿಯಲ್ಲಿ, ಬೇರೆ ಕಂಪನಿಯ ಖಾತೆ ಬೇಕು ಅಥವಾ ಬೇರೆಯವರ ಡಿಆರ್‌ಎಂ ಇದೆ ಅಂತ ಬರೆದಿದೆಯಾ ನೋಡಿ. ಅದೇ ಗೇಮ್ ಜಿಒಜಿಯಲ್ಲಿ ಇದ್ದರೆ ಐವತ್ತು ರೂಪಾಯಿ ಹೆಚ್ಚಾದರೂ ಅಲ್ಲೇ ಕೊಳ್ಳುವುದು ನನ್ನ ಲೆಕ್ಕ.

ಕಳೆದ ಸಲ ನಾನು ಈ ಪರೀಕ್ಷೆ ಮಾಡಿರಲಿಲ್ಲ. ಹಾಸ್ಟೆಲ್‌ನಲ್ಲಿ ವೈಫೈ ಯಾವಾಗಲೂ ಇರುತ್ತದೆ. ಅದು ಇಲ್ಲದ ಜಾಗವೂ ಉಂಟು ಅನ್ನುವುದು ಅಲ್ಲಿ ಕೂತಾಗ ಮರೆತೇ ಹೋಗುತ್ತದೆ. ಗೇಮ್ ಅಂಗಡಿಗಳ ನಿಯಮ ಬರೆಯುವವರೂ ಬಹುಶಃ ಅಂಥದ್ದೇ ಜಾಗದಲ್ಲಿ ಕೂತು ಬರೆದಿರಬೇಕು.

ಜೂನ್ ಹತ್ತಿರ ಬರುತ್ತಿದೆ. ಈ ಸಲ ಎಸ್‌ಎಸ್‌ಡಿಯಲ್ಲಿ ಆರು ಗೇಮ್ ಹಾಕಿಕೊಂಡು ಊರಿಗೆ ಹೋಗುತ್ತಿದ್ದೇನೆ. ಆರಕ್ಕೂ ದುಡ್ಡು ಕೊಟ್ಟಿದ್ದೇನೆ, ಆರನ್ನೂ ವೈಫೈ ಆಫ್ ಮಾಡಿ ತೆರೆದು ನೋಡಿದ್ದೇನೆ. ಮರ ಬೀಳಲಿ, ಲೈನ್ ಹೋಗಲಿ. ತಂಗಿಯ ಪ್ರಶ್ನೆಗೆ ಈ ಬಾರಿ ನನ್ನ ಹತ್ತಿರ ಆರು ಉತ್ತರಗಳಿವೆ.