ಅಲ್ಟ್ರಾಲೈಟ್ ವಿಮಾನಗಳು: ನಿಲ್ದಾಣ ಬಳಸುವ ಹಕ್ಕು ಮತ್ತು ಪೈಲಟ್‌ನ ಹೊಣೆ

ಸಾರ್ವಜನಿಕ ಹಣದಿಂದ ಅಭಿವೃದ್ಧಿಗೊಂಡ ಸೌಲಭ್ಯವನ್ನು ಯಾರು, ಯಾವ ನಿಬಂಧನೆಗಳಿಗೆ ಒಳಪಟ್ಟು ಬಳಸಬಹುದು ಎಂಬುದು ಉದ್ಯಮ ವಲಯಕ್ಕೆ ಪರಿಚಿತವಾದ ಪ್ರಶ್ನೆ. ಅಮೆರಿಕದ ಸಣ್ಣ ವಿಮಾನ ನಿಲ್ದಾಣಗಳಲ್ಲಿ ಅಲ್ಟ್ರಾಲೈಟ್ ಎಂಬ ಅತಿ ಹಗುರ ವಿಮಾನಗಳ ವಿಷಯದಲ್ಲಿ ಈ ಪ್ರಶ್ನೆಗೆ ದೊರೆತಿರುವ ಉತ್ತರ ಗಮನಾರ್ಹವಾಗಿದೆ.

ಆ ದೇಶದ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್ (ಎಫ್‌ಎಎ) 1982ರಲ್ಲಿ ಜಾರಿಗೆ ತಂದ 103ನೇ ಭಾಗದ ನಿಯಮಗಳು ಈ ವರ್ಗವನ್ನು ನಿರೂಪಿಸುತ್ತವೆ. ಒಬ್ಬರೇ ಕುಳಿತು ಕ್ರೀಡೆ ಅಥವಾ ಮನರಂಜನೆಗಾಗಿ ಮಾತ್ರ ಹಾರಿಸುವ, ಇಂಜಿನ್‌ಸಹಿತ ಖಾಲಿ ತೂಕ 254 ಪೌಂಡಿಗಿಂತ (ಸುಮಾರು 115 ಕಿ.ಗ್ರಾಂ.) ಕಡಿಮೆಯಿರುವ, ಇಂಧನ ಸಾಮರ್ಥ್ಯ 5 ಗ್ಯಾಲನ್ (ಸುಮಾರು 19 ಲೀಟರ್) ಮತ್ತು ವೇಗ 55 ನಾಟ್ (ಗಂಟೆಗೆ ಸುಮಾರು 102 ಕಿ.ಮೀ.) ಮೀರದ ವಾಹನಕ್ಕೆ ನೋಂದಣಿಯಾಗಲಿ, ಪೈಲಟ್‌ಗೆ ಪರವಾನಗಿಯಾಗಲಿ ಕಡ್ಡಾಯವಲ್ಲ.

ಪರವಾನಗಿ ಬೇಡವೆಂದರೆ ಹೊಣೆ ಇಲ್ಲವೆಂದಲ್ಲ. ಪೈಲಟ್ ಇತರ ಎಲ್ಲ ವಿಮಾನಗಳಿಗೂ ದಾರಿ ಬಿಟ್ಟುಕೊಡಬೇಕು. ಜನನಿಬಿಡ ಪ್ರದೇಶಗಳ ಮೇಲೆ ಹಾರುವಂತಿಲ್ಲ. ನಿಯಂತ್ರಣ ಗೋಪುರವಿರುವ ನಿಲ್ದಾಣದ ನಿಯಂತ್ರಿತ ವಾಯುಪ್ರದೇಶವನ್ನು ಪ್ರವೇಶಿಸಲು ಮುಂಚಿತವಾಗಿ ಅನುಮತಿ ಪಡೆಯಬೇಕು. ಎಫ್‌ಎಎ ಕೇಳಿದಲ್ಲಿ, ತನ್ನ ವಾಹನವು ಈ ನಿಯಮಗಳ ವ್ಯಾಪ್ತಿಗೇ ಸೇರಿದೆಯೆಂದು ರುಜುವಾತುಪಡಿಸುವ ಭಾರವೂ ಆತನದೇ.

ಇನ್ನು ನಿಲ್ದಾಣ ಪ್ರವೇಶದ ಹಕ್ಕು. ಫೆಡರಲ್ ಅನುದಾನ ಪಡೆಯುವ ನಿಲ್ದಾಣದ ಮಾಲೀಕ ಸಂಸ್ಥೆ ಹಲವು ವಾಗ್ದಾನಗಳಿಗೆ ಬದ್ಧವಾಗುತ್ತದೆ. ಅವುಗಳಲ್ಲಿ 22ನೆಯದರ ಪ್ರಕಾರ, ಎಲ್ಲ ಬಗೆಯ ವೈಮಾನಿಕ ಚಟುವಟಿಕೆಗಳಿಗೂ ನಿಲ್ದಾಣವನ್ನು ನ್ಯಾಯೋಚಿತ ಷರತ್ತುಗಳ ಮೇಲೆ, ಅನುಚಿತ ತಾರತಮ್ಯವಿಲ್ಲದೆ ಒದಗಿಸಬೇಕು. ಸುರಕ್ಷತೆಯ ಕಾರಣಕ್ಕೆ ನಿರ್ಬಂಧ ವಿಧಿಸಲು ಅವಕಾಶವಿದೆ. ಆದರೆ ಆ ಕಾರಣ ಸಮರ್ಥನೀಯವೇ ಎಂಬ ಅಂತಿಮ ನಿರ್ಣಯ ಎಫ್‌ಎಎಗೆ ಸೇರಿದ್ದು. ಅನುದಾನ ಪಡೆಯದ ಖಾಸಗಿ ನಿಲ್ದಾಣಗಳಿಗೆ ಈ ವಾಗ್ದಾನ ಅನ್ವಯಿಸುವುದಿಲ್ಲ.

ಆದ್ದರಿಂದ ಕೇವಲ ಇಷ್ಟವಿಲ್ಲವೆಂದು ಅಲ್ಟ್ರಾಲೈಟನ್ನು ಹೊರಗಿಡಲಾಗದು. ಆದರೆ ವೇಗದ ವಿಮಾನಗಳ ಹಾದಿಗೆ ಅಡ್ಡಬರುವ ಒಬ್ಬ ಅಜಾಗರೂಕ ಪೈಲಟ್, ತನ್ನ ವರ್ಗದವರೆಲ್ಲರ ಮೇಲೆ ನಿರ್ಬಂಧ ಕೋರಲು ಸಮರ್ಥನೀಯ ಕಾರಣವನ್ನು ತಾನೇ ಒದಗಿಸಿದಂತಾಗುತ್ತದೆ. ವ್ಯವಸ್ಥಾಪಕರನ್ನು ಮೊದಲೇ ಸಂಪರ್ಕಿಸುವುದು, ಸ್ಥಳೀಯ ಹಾರಾಟದ ಕ್ರಮವನ್ನು ತಿಳಿದುಕೊಳ್ಳುವುದು, ಕಡ್ಡಾಯವಲ್ಲದಿದ್ದರೂ ರೇಡಿಯೋ ಬಳಸುವುದು ವಿವೇಕಯುತ ಕ್ರಮಗಳಾಗಿವೆ.

ಭಾರತದಲ್ಲಿ ಮೈಕ್ರೋಲೈಟ್ ವಿಮಾನಗಳಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನೋಂದಣಿಯೂ ಪೈಲಟ್‌ಗೆ ಪರವಾನಗಿಯೂ ಅಗತ್ಯ. ಕ್ರಮ ಬೇರೆಯಾದರೂ ತತ್ತ್ವ ಒಂದೇ: ಸಾರ್ವಜನಿಕ ಅನುದಾನ ಪಡೆದವರು ಬಾಗಿಲು ತೆರೆದಿಡಬೇಕು, ಒಳಬಂದವರು ಶಿಸ್ತನ್ನು ಪಾಲಿಸಬೇಕು.